ಲಾ ಕಾಲೇಜಿನ ಲೈಬ್ರರಿಯಿಂದ ನಿಜವಾಗಿ ಏನು ಸಿಗುತ್ತದೆ? ಉತ್ತರ ಕನ್ನಡದವರು ಹೇಳಿ

ಅವರ್ಸಾ ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಮೂರು ವರ್ಷದ ಎಲ್‌ಎಲ್‌ಬಿ ಓದುತ್ತಿದ್ದೇನೆ, ಈಗ ಎರಡನೇ ವರ್ಷ. ಊರು ಅಂಕೋಲಾ ತಾಲೂಕು. ಈ ಸಲ ಒಂದು ಪ್ರಬಂಧ ಬರೆಯಬೇಕು. ಸೀಬರ್ಡ್ ನೌಕಾನೆಲೆಗೆ ಜಮೀನು ಹೋದವರ ಪರಿಹಾರದ ವಿಷಯ ತಗೊಂಡಿದ್ದೇನೆ. ನಮ್ಮ ಅಜ್ಜನ ಕಡೆಯವರ ಗದ್ದೆಯೂ ಅದರಲ್ಲಿ ಹೋಗಿದೆ, ಮನೆಯಲ್ಲಿ ಇವತ್ತಿಗೂ ಅದೇ ಮಾತು.

ಕಾಲೇಜಿನ ಲೈಬ್ರರಿಯಲ್ಲಿ ದಪ್ಪ ಬೈಂಡಿನ ಪುಸ್ತಕಗಳು ಗೋಡೆ ತುಂಬ ಇವೆ. ಆದರೆ ಯಾರೂ ತೆಗೆದು ನೋಡಿದ್ದನ್ನು ಕಂಡಿಲ್ಲ. ಸೀನಿಯರ್‌ಗಳನ್ನು ಕೇಳಿದರೆ ಗೈಡ್ ಓದು, ಉಳಿದದ್ದು ಮೊಬೈಲಲ್ಲಿ ಹುಡುಕು ಅಂತಾರೆ. ಹಾಗಾದರೆ ಈ ಲೈಬ್ರರಿ ಯಾಕೆ? ಅಲ್ಲಿ ಏನು ಕೇಳಬೇಕು, ಹೇಗೆ ಕೇಳಬೇಕು ಅನ್ನೋದೇ ಗೊತ್ತಿಲ್ಲ. ಬಳಸಿದವರು ಸ್ವಲ್ಪ ಬಿಡಿಸಿ ಹೇಳಿ.

ಕಾಳಿ ಸೇತುವೆ

ತೀರ್ಪು ಹುಡುಕೋಕೆ ಇಂಡಿಯನ್ ಕಾನೂನ್ ವೆಬ್‌ಸೈಟ್ ಇದೆ, ಫ್ರೀ ಇದೆ, ಮೊಬೈಲಲ್ಲೇ ಬರುತ್ತದೆ. ನಾನು ಲೈಬ್ರರಿಗೆ ಹೋಗಿದ್ದು ಪರೀಕ್ಷೆ ಮುಂಚೆ ಹಳೇ ಪ್ರಶ್ನೆಪತ್ರಿಕೆ ಜೆರಾಕ್ಸ್ ಮಾಡಿಸೋಕೆ ಮಾತ್ರ. ಪಾಸೂ ಆದೆ. ಸುಮ್ನೆ ತಲೆ ಕೆಡಿಸ್ಕೋಬೇಡ ಮಾರಾಯ್ತಿ.

ಕೋಟೆಕೆರೆ ದಂಡೆ

ಮೇಲಿನವರು ಪಾಸಾದದ್ದು ಸಂತೋಷ. ಆದರೆ ತಂಗಿ ಕೇಳಿದ್ದು ಪಾಸಾಗುವ ವಿಷಯ ಅಲ್ಲ.

ನಾನು ಸಿರ್ಸಿಯಲ್ಲಿ ವಕೀಲಿ ಮಾಡುವವನು. ಇಂಡಿಯನ್ ಕಾನೂನ್ 2008ರಿಂದ ಇದೆ, ಅದನ್ನು ನಾನೂ ದಿನಾ ತೆರೆಯುತ್ತೇನೆ, ಅದಕ್ಕೆ ಕೈಮುಗಿಯಬೇಕು. ಆದರೆ ಅದು ತೀರ್ಪನ್ನು ನಿಮ್ಮ ಮುಂದೆ ಇಡುತ್ತದೆ ಅಷ್ಟೇ. ಆ ತೀರ್ಪು ಇವತ್ತಿಗೂ ನಿಂತಿದೆಯೋ ಬಿದ್ದಿದೆಯೋ ಅನ್ನೋದನ್ನು ನೀವೇ ನೋಡಿಕೊಳ್ಳಬೇಕು.

ನಿಮ್ಮ ವಿಷಯದಿಂದಲೇ ಒಂದು ಉದಾಹರಣೆ ಕೊಡುತ್ತೇನೆ. ಸೀಬರ್ಡ್ ಜಮೀನು ಹೋದದ್ದು 1894ರ ಹಳೇ ಭೂಸ್ವಾಧೀನ ಕಾಯ್ದೆಯಲ್ಲಿ. ಪರಿಹಾರ ಕಮ್ಮಿ ಅನ್ನಿಸಿದವರು ಕಲಂ 18ರಲ್ಲಿ ಕೋರ್ಟಿಗೆ ರೆಫರೆನ್ಸ್, ಅಂದರೆ ದರದ ವಿವಾದವನ್ನು ಕೋರ್ಟಿಗೆ ಒಪ್ಪಿಸುವಂತೆ, ಕೇಳಬೇಕಿತ್ತು. ನಮ್ಮ ಕಡೆ ಓದು ಬರಹ ಬಾರದವರು, ಖರ್ಚಿಗೆ ಹೆದರಿದವರು, ಕೊಟ್ಟಷ್ಟು ತಗೊಂಡು ಸುಮ್ಮನಾದವರು ಬೇಕಾದಷ್ಟು ಜನ. ಅಂಥವರಿಗಾಗಿಯೇ 1984ರ ತಿದ್ದುಪಡಿಯಲ್ಲಿ ಕಲಂ 28ಎ ಬಂತು. ಒಂದೇ ಅಧಿಸೂಚನೆಯಲ್ಲಿ ಹೋದ ಪಕ್ಕದವನ ಜಮೀನಿಗೆ ಕೋರ್ಟು ಜಾಸ್ತಿ ಪರಿಹಾರ ಕೊಟ್ಟರೆ, ಆ ಆದೇಶದಿಂದ 3 ತಿಂಗಳೊಳಗೆ ನೀವೂ ಅದೇ ದರ ಕೇಳಿ ಜಿಲ್ಲಾಧಿಕಾರಿಗೆ ಅರ್ಜಿ ಹಾಕಬಹುದು.

ಈಗ ಪ್ರಶ್ನೆ: ಪಕ್ಕದವರು ಹತ್ತು ಜನ ಇದ್ದು ಹತ್ತು ಬೇರೆ ಬೇರೆ ಆದೇಶ ಬಂದರೆ, 3 ತಿಂಗಳು ಯಾವುದರಿಂದ ಎಣಿಸೋದು? ಬಾಬುವಾ ರಾಮ್ ಕೇಸಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಮೊದಲನೇ ಆದೇಶದಿಂದ ಅಂದರು. ಹಾಗಾದರೆ ಮೊದಲನೆಯದು ತಪ್ಪಿಸಿಕೊಂಡವನ ಕಥೆ ಮುಗಿಯಿತು. ಆಮೇಲೆ ಪ್ರದೀಪ್ ಕುಮಾರಿ ಕೇಸಿನಲ್ಲಿ ಮೂವರ ಪೀಠ ಅದನ್ನು ಒಪ್ಪಲಿಲ್ಲ. ಅರ್ಜಿದಾರ ಯಾವ ಆದೇಶ ಹಿಡಿದು ಕೇಳುತ್ತಾನೋ ಆ ಆದೇಶದಿಂದ ಎಣಿಸಬೇಕು ಅಂತು. ನೂರಾರು ಕುಟುಂಬಗಳಿಗೆ ಇದು ದುಡ್ಡಿನ ಪ್ರಶ್ನೆ.

ಎರಡೂ ಇರೋದು ಸುಪ್ರೀಂ ಕೋರ್ಟ್ ತೀರ್ಪುಗಳನ್ನು ಅಚ್ಚುಮಾಡುವ ಎಸ್‌ಸಿಸಿಯ (ಸುಪ್ರೀಂ ಕೋರ್ಟ್ ಕೇಸಸ್) ಒಂದೇ ಸಂಪುಟದಲ್ಲಿ, 1995ರ ಎರಡನೆಯದು. ಬಾಬುವಾ ರಾಮ್ 689ನೇ ಪುಟ, ಪ್ರದೀಪ್ ಕುಮಾರಿ 736ನೇ ಪುಟ. ಲೈಬ್ರರಿಯಲ್ಲಿ ಆ ಸಂಪುಟ ಕೈಗೆತ್ತಿಕೊಂಡು ವಿಷಯಸೂಚಿ ನೋಡಿದರೆ 28ಎ ಅಡಿ ಎರಡೂ ಒಟ್ಟಿಗೆ ಕಾಣುತ್ತವೆ. ಮೊಬೈಲಲ್ಲಿ ಮೊದಲನೆಯದು ಸಿಕ್ಕ ಖುಷಿಗೆ ಅಲ್ಲೇ ನಿಲ್ಲಿಸಿದರೆ ಪ್ರಬಂಧ ಉಲ್ಟಾ ಹೊಡೆಯುತ್ತದೆ. ಕೋರ್ಟಿನಲ್ಲಾದರೆ ಕಕ್ಷಿದಾರ ಉಲ್ಟಾ ಬೀಳುತ್ತಾನೆ.

ಅವರ್ಸಾ ಹುಡುಗಿ

ಸರ್, ಇದು ನನಗೆ ಯಾರೂ ಹೇಳಿರಲಿಲ್ಲ. 28ಎ ಅನ್ನೋದೊಂದು ಇದೆ ಅಂತ ಮಾತ್ರ ಗೊತ್ತಿತ್ತು. ನಾಳೆಯೇ ಆ ಸಂಪುಟ ಕೇಳುತ್ತೇನೆ. ಆದರೆ ನಮ್ಮಲ್ಲಿ ಕಪಾಟಿಗೆ ಬೀಗ.

ಕಪಾಟಿನ ಕೀಲಿ

ಬೀಗದ ಮಾತು ಬಂತು, ಹಾಗಾಗಿ ನಾನು ಬರೆಯಲೇಬೇಕು. ನಾನು ಕಾನೂನು ಕಾಲೇಜೊಂದರಲ್ಲಿ ಲೈಬ್ರರಿಯನ್. ಕಾಲೇಜಿನ ಹೆಸರು ಬೇಡ.

ಬೀಗ ಹಾಕೋದು ರಿಪೋರ್ಟುಗಳಿಗೆ, ಅಂದರೆ ತೀರ್ಪುಗಳ ಸಂಪುಟಗಳಿಗೆ, ಯಾಕಂದರೆ ಒಂದು ಸಂಪುಟ ಹೋದರೆ ಇಡೀ ಸರಣಿ ಕುಂಟುತ್ತದೆ, ಬಿಡಿಯಾಗಿ ಹಳೇ ಸಂಪುಟ ಸಿಗೋದು ಕಷ್ಟ. ಬೀಗ ಇದೆ ಅಂದರೆ ನೋಡಬಾರದು ಅಂತಲ್ಲ. ಕೇಳಿದರೆ ತೆಗೆದುಕೊಡಲೇಬೇಕು. ಅಲ್ಲೇ ಕೂತು ಓದಬೇಕು, ಬೇಕಾದ ಪುಟ ಜೆರಾಕ್ಸ್ ಮಾಡಿಸಿಕೊಳ್ಳಬೇಕು, ಮನೆಗೆ ಕೊಡುವುದಿಲ್ಲ. ಪಠ್ಯಪುಸ್ತಕ ಮಾತ್ರ ಕಾರ್ಡಿನ ಮೇಲೆ ಮನೆಗೆ.

ಇನ್ನೊಂದು, ಯಾವ ಪುಸ್ತಕ ಇರಬೇಕು ಅನ್ನೋದು ಕಾಲೇಜಿನವರ ಮನಸ್ಸಿಗೆ ಬಿಟ್ಟದ್ದಲ್ಲ. ಬಾರ್ ಕೌನ್ಸಿಲ್ ಆಫ್ ಇಂಡಿಯಾದ 2008ರ ಕಾನೂನು ಶಿಕ್ಷಣ ನಿಯಮಗಳ ಮೂರನೇ ಅನುಸೂಚಿ ಓದಿ. ಎಐಆರ್ ಮ್ಯಾನುಯಲ್, ಕೇಂದ್ರದ ಮತ್ತು ರಾಜ್ಯದ ಕಾಯ್ದೆಗಳು, ಕ್ರಿಮಿನಲ್ ಲಾ ಜರ್ನಲ್, ಎಸ್‌ಸಿಸಿ, ಕಂಪನಿ ಕೇಸಸ್, ಜೊತೆಗೆ ಜರ್ನಲ್‌ಗಳ ಕಡೇಪಕ್ಷ 10 ವರ್ಷದ ಹಳೇ ಸಂಪುಟಗಳು ಇರಲೇಬೇಕು. ಒಬ್ಬ ವಿದ್ಯಾರ್ಥಿಗೆ 10 ಪುಸ್ತಕದ ಲೆಕ್ಕ. ವರ್ಷಕ್ಕೆ ಲೈಬ್ರರಿಗೆ ಕನಿಷ್ಠ ಖರ್ಚು ಒಂದು ಕೋರ್ಸ್ ಇದ್ದರೆ 50,000 ರೂಪಾಯಿ, ಮೂರು ವರ್ಷದ್ದು, ಐದು ವರ್ಷದ್ದು ಎರಡೂ ಇದ್ದರೆ 1,00,000. ಈಗಿನ ಕಾಲಕ್ಕೆ ಆ ದುಡ್ಡು ಏನೂ ಅಲ್ಲ, ಒಳ್ಳೆಯ ಡೇಟಾಬೇಸಿನ ಚಂದಾಕ್ಕೇ ಸಾಕಾಗೋದು ಕಷ್ಟ, ಅದು ನನ್ನ ಹಳೇ ತಕರಾರು. ಆದರೂ ನಿಮ್ಮ ಕಾಲೇಜಿನಲ್ಲಿ ಎಸ್‌ಸಿಸಿ ಇಲ್ಲ ಅಂತ ಯಾರಾದರೂ ಹೇಳಿದರೆ ಈ ಅನುಸೂಚಿ ತೋರಿಸಿ.

ಕೇಳುವ ರೀತಿ ಬಗ್ಗೆ. ವಿದ್ಯಾರ್ಥಿಗಳು ಬಂದು ಮೇಡಂ, ಭೂಸ್ವಾಧೀನದ ಬಗ್ಗೆ ಏನಾದರೂ ಇದೆಯಾ ಅಂತಾರೆ. ಇದೆ, ಒಂದು ಕಪಾಟು ಇದೆ, ಏನು ಕೊಡಲಿ? ಅದರ ಬದಲು ಕಲಂ 28ಎ ಅಡಿ ಕಾಲಮಿತಿ ಯಾವಾಗಿಂದ ಶುರು, ಅದಕ್ಕೆ ತೀರ್ಪುಗಳು ಬೇಕು ಅನ್ನಿ. ಆಗ ನಾನು ಮೊದಲು ಒಂದು ಕಾಮೆಂಟರಿ, ಅಂದರೆ ಕಾಯ್ದೆಯನ್ನು ಕಲಂವಾರು ವಿವರಿಸುವ ಪುಸ್ತಕ, ಕೊಡುತ್ತೇನೆ. ಕಾಮೆಂಟರಿಯಲ್ಲಿ ಆ ಕಲಮಿನ ಕೆಳಗೆ ಅಡಿಟಿಪ್ಪಣಿಯಲ್ಲಿ ಕೇಸುಗಳ ಹೆಸರು ಇರುತ್ತದೆ. ಅಲ್ಲಿಂದ ಡೈಜೆಸ್ಟ್, ಅಂದರೆ ತೀರ್ಪುಗಳ ಸಾರದ ಪಟ್ಟಿ. ಡೈಜೆಸ್ಟಿನಲ್ಲಿ ವರ್ಷದ ಪ್ರಕಾರ, ಕಲಮಿನ ಪ್ರಕಾರ ಹೊಸ ತೀರ್ಪು. ಆಮೇಲೆ ರಿಪೋರ್ಟ್ ತೆಗೆದು ಪೂರ್ತಿ ಓದೋದು. ಕಡೆಗೆ ಆನ್‌ಲೈನಿನಲ್ಲಿ ಆ ತೀರ್ಪನ್ನು ಆಮೇಲಿನ ಯಾವ ತೀರ್ಪುಗಳು ಉಲ್ಲೇಖಿಸಿವೆ ಅಂತ ನೋಡೋದು. ಹೆಚ್ಚಿನವರು ಈ ಕಡೆಯ ಹೆಜ್ಜೆಯಿಂದಲೇ ಶುರು ಮಾಡಿ ಅಲ್ಲೇ ಮುಗಿಸುತ್ತಾರೆ.

ಕುಮಟಾ ಜೂನಿಯರ್

ಮೇಡಂ ಹೇಳಿದ್ದು ನೂರಕ್ಕೆ ನೂರು. ಒಂದು ಸೇರಿಸುತ್ತೇನೆ. ರಿಪೋರ್ಟಿನ ತಲೆಗೆ ಇರುವ ಹೆಡ್‌ನೋಟ್ ಅನ್ನೋ ಸಾರಾಂಶ ಓದಿ ತೀರ್ಪು ಓದಿದೆ ಅಂದುಕೊಳ್ಳಬೇಡಿ. ಹೆಡ್‌ನೋಟ್ ಬರೆದದ್ದು ನ್ಯಾಯಮೂರ್ತಿಗಳಲ್ಲ, ಪ್ರಕಾಶಕರ ಕಡೆಯವರು. ಈಸ್ಟರ್ನ್ ಬುಕ್ ಕಂಪನಿ ವಿರುದ್ಧ ಡಿ.ಬಿ. ಮೋದಕ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿದ್ದು. ತೀರ್ಪಿನ ಮೂಲಪಾಠ ಯಾರ ಸ್ವತ್ತೂ ಅಲ್ಲ, ಆದರೆ ಹೆಡ್‌ನೋಟಿನಂಥ ಪ್ರಕಾಶಕರ ಸ್ವಂತ ಕೆಲಸಕ್ಕೆ ಹಕ್ಕುಸ್ವಾಮ್ಯ ಉಂಟು ಅಂತ. ಅದು (2008) 1 ಎಸ್‌ಸಿಸಿ 1, ಸಂಪುಟದ ಮೊದಲನೇ ಪುಟ, ಹುಡುಕೋ ಕಷ್ಟವೂ ಇಲ್ಲ.

ಕಾಳಿ ಸೇತುವೆ

ಆಯ್ತು ಒಪ್ಪಿದೆ. ಆದರೆ ಇಷ್ಟೆಲ್ಲ ಯಾಕೆ, ಎಐ ಕೇಳಿದರೆ ಎರಡು ನಿಮಿಷದಲ್ಲಿ ಹತ್ತು ಕೇಸು ಕೊಡುತ್ತದಲ್ಲ?

ಕುಮಟಾ ಜೂನಿಯರ್

ಕೊಡುತ್ತದೆ. ಹತ್ತರಲ್ಲಿ ಎಷ್ಟು ಹುಟ್ಟಿವೆ ಅನ್ನೋದೇ ಪ್ರಶ್ನೆ. 2023ರಲ್ಲಿ ನ್ಯೂಯಾರ್ಕಿನಲ್ಲಿ ಚಾಟ್‌ಜಿಪಿಟಿ ಕಟ್ಟಿದ ಸುಳ್ಳು ಕೇಸುಗಳನ್ನು ಕೋರ್ಟಿಗೆ ಕೊಟ್ಟ ವಕೀಲರಿಗೆ 5,000 ಡಾಲರ್ ದಂಡ ಬಿತ್ತು. ದೂರ ಯಾಕೆ, 2025ರ ಮಾರ್ಚಿನಲ್ಲಿ ನಮ್ಮ ಕರ್ನಾಟಕ ಹೈಕೋರ್ಟೇ, ಕೆಳಗಿನ ಕೋರ್ಟಿನ ಆದೇಶದಲ್ಲಿ ಇಲ್ಲದ ಸುಪ್ರೀಂ ಕೋರ್ಟ್ ತೀರ್ಪುಗಳು ಉಲ್ಲೇಖವಾಗಿದ್ದನ್ನು ಕಂಡು ಕಠಿಣವಾಗಿ ಮಾತಾಡಿತು. ನ್ಯಾಯಾಧೀಶರ ಮಟ್ಟದಲ್ಲೇ ಹೀಗಾದರೆ ನಮ್ಮ ನಿಮ್ಮ ಗತಿ?

ಎಐ ಕೊಟ್ಟ ಹೆಸರು ಹಿಡಿದು ರಿಪೋರ್ಟ್ ತೆಗೆದು ನೋಡಿ. ಪುಟ ಇದ್ದರೆ ಓದಿ, ಇಲ್ಲದಿದ್ದರೆ ಬಿಡಿ. ಅಷ್ಟು ಮಾಡಿದರೆ ನನ್ನ ತಕರಾರಿಲ್ಲ.

ದೇವಿಮನೆ ತಿರುವು

ದುಡ್ಡಿಲ್ಲದೆ ಸಿಗೋದರ ಬಗ್ಗೆ ನಾನು ಬರೆಯುತ್ತೇನೆ. ಎಲ್‌ಎಲ್‌ಎಂ ಮಾಡುತ್ತಿದ್ದೇನೆ, ಸಿರ್ಸಿಯಿಂದ ಹುಬ್ಬಳ್ಳಿಗೆ ಓಡಾಟ, ಬಸ್ಸಿನಲ್ಲಿ ಕೂತು ಕೂತು ಇದೆಲ್ಲ ಹುಡುಕಿ ಇಟ್ಟಿದ್ದೇನೆ.

ಸುಪ್ರೀಂ ಕೋರ್ಟಿನ ಸ್ವಂತ ರಿಪೋರ್ಟ್ ಎಸ್‌ಸಿಆರ್ 1950ರಿಂದ ಬರುತ್ತಿದೆ. 2023ರ ಜನವರಿಯಲ್ಲಿ ಅದನ್ನು ಇ-ಎಸ್‌ಸಿಆರ್ ಅಂತ ಉಚಿತವಾಗಿ ಆನ್‌ಲೈನಿಗೆ ಹಾಕಿದರು. ಹೆಡ್‌ನೋಟ್ ಸಮೇತ, ಅಧಿಕೃತ, ಡೌನ್‌ಲೋಡ್ ಮಾಡಬಹುದು. ಇದು ಗೊತ್ತಿಲ್ಲದೆ ಇನ್ನೂ ಯಾವ್ಯಾವುದೋ ಬ್ಲಾಗಿನ ಸಾರಾಂಶ ಓದುವವರು ನನ್ನ ಕ್ಲಾಸಿನಲ್ಲೇ ಇದ್ದಾರೆ.

ನಮ್ಮ ಜಿಲ್ಲೆ ಹೈಕೋರ್ಟಿನ ಧಾರವಾಡ ಪೀಠಕ್ಕೆ ಸೇರುತ್ತದೆ. ಈಗ ಪ್ರತಿ ತೀರ್ಪಿಗೆ ಕೋರ್ಟೇ ಕೊಡುವ ನ್ಯೂಟ್ರಲ್ ಸೈಟೇಶನ್ ಇದೆ. ಅದರಲ್ಲಿ ಕೆಎಚ್‌ಸಿ ಆದಮೇಲೆ ಡಿ ಅಂತ ಇದ್ದರೆ ಧಾರವಾಡದ್ದು ಅಂತ ಅರ್ಥ. ಸೀಬರ್ಡ್ ಮೇಲ್ಮನವಿಯಂಥ ಇತ್ತೀಚಿನ ಆದೇಶಕ್ಕೆ ಅದು ಹಿಡಿದು ಹುಡುಕೋದು ಸುಲಭ. ಪೀಠ 2008ರಲ್ಲಿ ಶುರುವಾಗಿದ್ದು, ಅದಕ್ಕಿಂತ ಹಿಂದಿನ ನಮ್ಮ ಜಿಲ್ಲೆಯ ಕೇಸುಗಳು ಬೆಂಗಳೂರಿನವು ಅನ್ನೋದು ನೆನಪಿರಲಿ.

ಕಾಯ್ದೆಗಳಿಗೆ ಇಂಡಿಯಾ ಕೋಡ್. ರಾಜ್ಯದ ಕಾಯ್ದೆಗಳಿಗೆ ಸಂಸದೀಯ ವ್ಯವಹಾರ ಮತ್ತು ಶಾಸನ ರಚನೆ ಇಲಾಖೆಯ ತಾಣ, ಅಲ್ಲಿ ಕನ್ನಡದಲ್ಲೂ ಇವೆ. ಲೇಖನಗಳಿಗೆ ಜೆಸ್ಟೋರ್, ಉಚಿತ ಖಾತೆ ಮಾಡಿಕೊಂಡರೆ ಒಂದಷ್ಟು ಲೇಖನ ಆನ್‌ಲೈನಿನಲ್ಲೇ ಓದಬಹುದು. ಬೇರೆಯವರ ಪಿಎಚ್‌ಡಿ ಪ್ರಬಂಧಗಳಿಗೆ ಶೋಧಗಂಗಾ. ಅಲ್ಲಿಂದ ಎತ್ತಿ ಬರೆಯಬೇಡಿ, ಹಿಂದಿನ ಗ್ರಂಥಸೂಚಿ ನೋಡಿ, ಅದು ಬಂಗಾರ.

ಸರ್ಕಾರಿ ಕಾಲೇಜಿನಲ್ಲಿ ಇರುವವರಿಗೆ ಒಂದು ರಾಷ್ಟ್ರ ಒಂದು ಚಂದಾ ಯೋಜನೆ 2025ರ ಜನವರಿಯಿಂದ ಶುರುವಾಗಿದೆ, ಅದರಲ್ಲಿ ವಿದೇಶಿ ಜರ್ನಲ್‌ಗಳು ಬರುತ್ತವೆ. ಅನುದಾನಿತ ಖಾಸಗಿ ಕಾಲೇಜಾದರೆ ಎನ್-ಲಿಸ್ಟ್ ಇದೆಯಾ ಅಂತ ಲೈಬ್ರರಿಯಲ್ಲಿ ಕೇಳಿ, ಯೂಸರ್ ಐಡಿ ಅವರೇ ಮಾಡಿಕೊಡಬೇಕು. ಅದರಲ್ಲಿ ಲೇಖನ, ಇ-ಪುಸ್ತಕ ನೋಡಿ. ತೀರ್ಪು ಹುಡುಕಲು ಅದು ಜಾಗ ಅಲ್ಲ.

ಕಪಾಟಿನ ಕೀಲಿ

ತೀರ್ಪು ಹುಡುಕುವ ಡೇಟಾಬೇಸುಗಳಾದ ಎಸ್‌ಸಿಸಿ ಆನ್‌ಲೈನ್, ಮನುಪಾತ್ರದ ಬಗ್ಗೆ ಯಾರೂ ಹೇಳಲಿಲ್ಲ. ಇವಕ್ಕೆ ಚಂದಾ ಬೇಕು. ಕಾಲೇಜು ತಗೊಂಡಿದ್ದರೂ ಎಷ್ಟೋ ಕಡೆ ಅದು ಕ್ಯಾಂಪಸ್ಸಿನ ಇಂಟರ್ನೆಟ್‌ನಿಂದ ಮಾತ್ರ ತೆರೆಯುತ್ತದೆ. ಮನೆಯಿಂದ ಬೇಕಾದರೆ ಬೇರೆ ಲಾಗಿನ್ ಕೊಡಬೇಕಾಗುತ್ತದೆ. ನಮ್ಮಲ್ಲಿ ಇಲ್ಲ ಅಂತ ವಿದ್ಯಾರ್ಥಿಗಳು ಹೇಳುವ ಡೇಟಾಬೇಸ್ ಕೆಲವು ಸಲ ಮೂಲೆಯ ಒಂದು ಕಂಪ್ಯೂಟರಿನಲ್ಲಿ ಸುಮ್ಮನೆ ಕೂತಿರುತ್ತದೆ, ಯಾರೂ ಕೇಳಿರುವುದಿಲ್ಲ.

ನಮ್ಮಲ್ಲಿ ಇಲ್ಲದ ಪುಸ್ತಕಕ್ಕೆ, ಲೇಖನಕ್ಕೆ ಬೇರೆ ಲೈಬ್ರರಿಯಿಂದ ತರಿಸುವ ವ್ಯವಸ್ಥೆಯೂ ಉಂಟು. ಲೈಬ್ರರಿಗಳ ಜಾಲವಾದ ಡೆಲ್‌ನೆಟ್‌ನ ಸದಸ್ಯತ್ವ ಇರುವ ಕಾಲೇಜಾದರೆ ಲೈಬ್ರರಿಯನ್ ಮೂಲಕ ಬೇಡಿಕೆ ಹಾಕಬಹುದು, ಲೇಖನವಾದರೆ ಸ್ಕ್ಯಾನ್ ಕಳಿಸುತ್ತಾರೆ. ಸಬ್ಮಿಶನ್ನಿನ ಹಿಂದಿನ ದಿನ ಬಂದು ಕೇಳಿದರೆ ಮಾತ್ರ ನಾನು ಏನೂ ಮಾಡಲಾಗದು.

ಬೆಟ್ಟದ ತೋಟ

ನಾನು ವಿದ್ಯಾರ್ಥಿ ಅಲ್ಲ. ಸಿದ್ದಾಪುರ ತಾಲೂಕಿನಲ್ಲಿ ಅಡಿಕೆ ತೋಟ. ಇಲ್ಲಿ ಬರೆದದ್ದು ಓದಿ ಒಂದು ಕೇಳೋಣ ಅನ್ನಿಸಿತು.

ನಮ್ಮ ಮನೆ ಕೆಲಸಕ್ಕೆ ಬರುವ ಕುಟುಂಬದವರು ಮೂರು ತಲೆಮಾರಿನಿಂದ ಕಾಡಂಚಿನಲ್ಲಿ ಗದ್ದೆ ಮಾಡಿಕೊಂಡು ಇದ್ದಾರೆ. ಅರಣ್ಯ ಹಕ್ಕು ಅರ್ಜಿ ಹಾಕಿದ್ದರು. 75 ವರ್ಷದ ದಾಖಲೆ ತನ್ನಿ ಅಂತ ವಾಪಸ್ ಬಂತು. ಅವರ ಹತ್ತಿರ ಪಡಿತರ ಚೀಟಿ, ಮತದಾರರ ಪಟ್ಟಿ ಬಿಟ್ಟರೆ ಏನೂ ಇಲ್ಲ. ಇಂಥ ಹಳೇ ದಾಖಲೆ ಲಾ ಕಾಲೇಜಿನ ಲೈಬ್ರರಿಯಲ್ಲಿ ಸಿಗುತ್ತದೆಯಾ? ನಮ್ಮಂಥವರನ್ನು ಒಳಗೆ ಬಿಡುತ್ತಾರಾ?

ಕೋಟೆಕೆರೆ ದಂಡೆ

ಒಳ್ಳೇ ಪ್ರಶ್ನೆ ಕೇಳಿದಿರಿ ಮಾರಾಯ್ರೆ. ಮೊದಲು ಕಾಯ್ದೆ ಸರಿಯಾಗಿ ಓದಬೇಕು. 2006ರ ಅರಣ್ಯ ಹಕ್ಕು ಕಾಯ್ದೆಯ ಕಲಂ 2(ಒ) ಪ್ರಕಾರ ಇತರ ಸಾಂಪ್ರದಾಯಿಕ ಅರಣ್ಯವಾಸಿ ಅಂದರೆ 2005ರ ಡಿಸೆಂಬರ್ 13ಕ್ಕೆ ಮುಂಚೆ ಮೂರು ತಲೆಮಾರು ಅಲ್ಲಿ ವಾಸವಿದ್ದು ಕಾಡನ್ನು ನಂಬಿ ಬದುಕಿದವರು. ತಲೆಮಾರಿಗೆ 25 ವರ್ಷ. 75 ವರ್ಷ ಬರುವುದು ವಾಸಕ್ಕೆ, ಕಾಡಿನ ಮೇಲಿನ ಅವಲಂಬನೆಗೆ. ಜಮೀನಿನ ಸ್ವಾಧೀನದ ಮಾತು ಕಲಂ 4(3)ರಲ್ಲಿದೆ, ಅಲ್ಲಿ ಬೇಕಾದದ್ದು 2005ರ ಡಿಸೆಂಬರ್ 13ಕ್ಕೆ ಮುಂಚಿನ ಸ್ವಾಧೀನ. ಎರಡನ್ನೂ ಕಲಸಿಬಿಟ್ಟು, ಇದೇ ಗುಂಟೆಯನ್ನು 75 ವರ್ಷ ಉತ್ತ ಪುರಾವೆ ತಾ ಅಂದರೆ ಬಡವರು ಎಲ್ಲಿಂದ ತರಬೇಕು? ನಮ್ಮ ಜಿಲ್ಲೆಯಲ್ಲಿ ಅತಿಕ್ರಮಣದಾರ ಅನ್ನಿಸಿಕೊಂಡವರಲ್ಲಿ ಎಷ್ಟೋ ಜನರ ಗೋಳು ಇಲ್ಲೇ ಶುರು.

ಸಾಕ್ಷ್ಯದ ವಿಷಯ 2008ರ ನಿಯಮಗಳ ನಿಯಮ 13ರಲ್ಲಿದೆ. ಗೆಜೆಟಿಯರ್, ಜನಗಣತಿ, ಸರ್ವೆ ಮತ್ತು ಸೆಟಲ್‌ಮೆಂಟ್ ವರದಿ, ನಕ್ಷೆ, ಅರಣ್ಯ ಇಲಾಖೆಯ ವರ್ಕಿಂಗ್ ಪ್ಲಾನ್, ಮನೆ, ಬಾವಿ, ಸಮಾಧಿಯಂಥ ಕುರುಹುಗಳು, ಅರ್ಜಿದಾರರಲ್ಲದ ಊರಿನ ಹಿರಿಯರ ಲಿಖಿತ ಹೇಳಿಕೆ, ಎಲ್ಲವೂ ಸಾಕ್ಷ್ಯ. ಒಂದಕ್ಕಿಂತ ಹೆಚ್ಚು ಬೇಕು ಅಷ್ಟೇ. ಆ ನಿಯಮದ ಪ್ರತಿ ಅರ್ಜಿ ಜೊತೆ ಇಡಿ.

ಸದಾಶಿವಗಡ

ಇತಿಹಾಸದವನು ನಾನು, ಕಾನೂನಿನವನಲ್ಲ. ಆದರೆ ಈ ಹಳೇ ದಾಖಲೆ ವಿಷಯದಲ್ಲಿ ನಮ್ಮ ಜಿಲ್ಲೆಗೆ ಒಂದು ವಿಚಿತ್ರ ಇದೆ, ಅದು ಗೊತ್ತಿಲ್ಲದೆ ಜನ ತಪ್ಪು ಊರಿನಲ್ಲಿ ಹುಡುಕುತ್ತಾರೆ.

ಟಿಪ್ಪು ಸತ್ತ ಮೇಲೆ, ಅಂದರೆ 1799ರಿಂದ, ಕೆನರಾ ಒಂದೇ ಜಿಲ್ಲೆ, ಮದ್ರಾಸಿನ ಕೆಳಗೆ. 1862ರಲ್ಲಿ ಉತ್ತರದ ಭಾಗವನ್ನು ಬೊಂಬಾಯಿಗೆ ಕೊಟ್ಟರು. ಬೊಂಬಾಯಿ ಹೈಕೋರ್ಟ್ ಶುರುವಾದದ್ದೂ ಅದೇ ವರ್ಷ. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಬಂದೆವು. ಹಾಗಾಗಿ 1956ರ ಹಿಂದಿನ ಕಾರವಾರದ ಕಾಡು, ಜಮೀನಿನ ಕಡತ ಬೆಂಗಳೂರಿನಲ್ಲಿ ಹುಡುಕಿದರೆ ಕೈ ಖಾಲಿ. ಬೊಂಬಾಯಿ ಸರ್ಕಾರದ ಕಡತ ಇರೋದು ಮುಂಬೈಯ ಮಹಾರಾಷ್ಟ್ರ ರಾಜ್ಯ ಪತ್ರಾಗಾರದಲ್ಲಿ. 1862ಕ್ಕೂ ಹಿಂದಿನದಾದರೆ ಚೆನ್ನೈ.

ಅದೃಷ್ಟಕ್ಕೆ ಬೊಂಬಾಯಿ ಗೆಜೆಟಿಯರಿನ ಹದಿನೈದನೇ ಸಂಪುಟ, ಕೆನರಾ, ಎರಡು ಭಾಗ, 1883, ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿದೆ. ಯಾವ ಸಮುದಾಯ ಎಲ್ಲಿ ಇತ್ತು, ಕಾಡು ಕಡಿದು ಸುಟ್ಟು ಮಾಡುವ ಕುಮರಿ ಬೇಸಾಯ ಎಲ್ಲಿ ನಡೆಯುತ್ತಿತ್ತು, ಯಾವ ಊರಿಗೆ ಸಂತೆ, ಎಲ್ಲಾ ಇದೆ. ಹುಡುಕುವಾಗ ಈಗಿನ ಸ್ಪೆಲ್ಲಿಂಗ್ ಒಂದರಿಂದ ಸಿಗುವುದಿಲ್ಲ. ಕಾರವಾರವನ್ನು ಸಿ ಅಕ್ಷರದಿಂದಲೂ, ಕೆನರಾವನ್ನು ಸಿ ಮತ್ತು ಕೆ ಎರಡರಿಂದಲೂ, ಹೊನ್ನಾವರವನ್ನು ಹೋನೋರ್ ಅಂತಲೂ ಹೊಡೆದು ನೋಡಿ.

ಬೆಟ್ಟದ ತೋಟ

ಸೊಪ್ಪಿನ ಬೆಟ್ಟದ, ಅಂದರೆ ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡಿನ, ಕಾಗದ ಕೂಡ ಹೀಗೇ ಅಲ್ವಾ. ಘಟ್ಟದ ಮೇಲೆ ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ ಅನ್ನೋ ಲೆಕ್ಕ ಬ್ರಿಟಿಷರ ಕಾಲದ್ದು ಅಂತ ಅಪ್ಪ ಹೇಳುತ್ತಿದ್ದರು.

ಸದಾಶಿವಗಡ

ಹೌದು. ಅದರ ಬೇರು ಬೊಂಬಾಯಿ ಕಾಲದ ಅರಣ್ಯ ಸೆಟಲ್‌ಮೆಂಟಿನಲ್ಲಿದೆ. ಕರಾವಳಿ ಭಾಗಕ್ಕೆ ಕಾಲಿನ್ಸ್ ಅನ್ನುವ ಅಧಿಕಾರಿಯ 1920ರ ದಶಕದ ವರದಿ ಇದೆ, ಈ ವಿಷಯದಲ್ಲಿ ಕೆಲಸ ಮಾಡುವವರು ಅದನ್ನು ನೋಡದೆ ಮುಂದೆ ಹೋಗಬಾರದು.

ಕಪಾಟಿನ ಕೀಲಿ

ಬೆಟ್ಟದ ತೋಟದವರ ಎರಡನೇ ಪ್ರಶ್ನೆಗೆ ಉತ್ತರ ಬಾಕಿ ಉಳಿಯಿತು. ಹೊರಗಿನವರನ್ನು ಬಿಡಬೇಕು ಅಂತ ಕಡ್ಡಾಯ ಇಲ್ಲ. ಆದರೆ ಪ್ರಾಂಶುಪಾಲರಿಗೆ ಒಂದು ಅರ್ಜಿ ಬರೆದು, ಏನು ನೋಡಬೇಕು ಅಂತ ಹೇಳಿದರೆ, ಕೂತು ಓದೋಕೆ ಬಿಡದ ಕಾಲೇಜು ಕಮ್ಮಿ. ಗುರುತಿನ ಚೀಟಿ ತನ್ನಿ. ಇನ್ನೊಂದು, ಕಾನೂನು ಕಾಲೇಜುಗಳಲ್ಲಿ ಉಚಿತ ಕಾನೂನು ನೆರವು ಘಟಕ ಇರುತ್ತದೆ. ಅಲ್ಲಿನ ಹುಡುಗರಿಗೆ ಇಂಥ ನಿಜವಾದ ಕೆಲಸವೇ ಬೇಕು. ಆ ಕುಟುಂಬವನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ನಿಯಮ 13 ತೆಗೆಸಿ, ಹಿರಿಯರ ಹೇಳಿಕೆ ಅಲ್ಲೇ ಬರೆಸಿ.

ಮತ್ತೆ, ಗೆಜೆಟಿಯರ್‌ನಲ್ಲಿ ಅವರ ಊರಿನ ಹೆಸರು ಸಿಕ್ಕಿದರೆ ಆ ಊರಲ್ಲಿ ಜನವಸತಿ ಇತ್ತು ಅಂತ ಮಾತ್ರ ಹೇಳಬಹುದು. ಅವರ ಅಜ್ಜನ ಹೆಸರು ಅದರಲ್ಲಿ ಇರುವುದಿಲ್ಲ. ಅದಕ್ಕೇ ಎರಡನೇ ಸಾಕ್ಷ್ಯ ಬೇಕಾಗೋದು.

ಕೋಟೆಕೆರೆ ದಂಡೆ

ಬೊಂಬಾಯಿ ಮಾತು ಬಂತಲ್ಲ, ವಕೀಲಿಕೆಯಲ್ಲೂ ಅದೇ ಕಥೆ. ಹಳೇ ಪಾಲು ದಾವೆ, ದೇವಸ್ಥಾನದ ದಾವೆ, ಕಾಡಿನ ಹಕ್ಕಿನ ದಾವೆ, ಏನೇ ತೆಗೆದರೂ ಬೊಂಬಾಯಿ ತೀರ್ಪು ಎದುರಾಗುತ್ತದೆ. ಮುಲ್ಲಾ ಅವರ ಹಿಂದೂ ಕಾನೂನಿನಲ್ಲೇ ಉತ್ತರ ಕೆನರಾಕ್ಕೆ ಪ್ರತ್ಯೇಕ ಮಾತು ಇದೆ, ಇಲ್ಲಿ ಮಿತಾಕ್ಷರ ಅನ್ನೋ ಹಳೇ ಧರ್ಮಶಾಸ್ತ್ರ ಗ್ರಂಥಕ್ಕೇ ಅಗ್ರಸ್ಥಾನ ಅಂತ. 1879ರ ಭಾಸ್ಕರಪ್ಪ ವಿರುದ್ಧ ಉತ್ತರ ಕೆನರಾ ಕಲೆಕ್ಟರ್, ಐಎಲ್‌ಆರ್ 3 ಬೊಂಬಾಯಿ 452, ನಮ್ಮ ಕಾಡು ಜಮೀನಿನ ಇತಿಹಾಸ ಬರೆಯುವವರು ಓದಲೇಬೇಕಾದ ತೀರ್ಪು.

ಹಳೇ ರಿಪೋರ್ಟುಗಳಲ್ಲಿ ಐಎಲ್‌ಆರ್ ಬೊಂಬಾಯಿ 1876ರಿಂದ, ಬೊಂಬಾಯಿ ಲಾ ರಿಪೋರ್ಟರ್ 1899ರಿಂದ, ಎಐಆರ್ 1914ರಿಂದ. ಹೊಸ ಕಾಲೇಜುಗಳಲ್ಲಿ ಇವು ಇರುವುದಿಲ್ಲ. ಹಳೇ ವಕೀಲರ ಸಂಘದ ಲೈಬ್ರರಿಯಲ್ಲಿ ಇರುವ ಸಂಭವ ಜಾಸ್ತಿ. ಕಾರವಾರ, ಸಿರ್ಸಿ, ಕುಮಟಾದಂಥ ಹಳೇ ಕೋರ್ಟುಗಳ ಸಂಘಗಳಲ್ಲಿ ತೀರಿಹೋದ ಹಿರಿಯ ವಕೀಲರ ಮನೆಯವರು ಕೊಟ್ಟ ಪುಸ್ತಕಗಳು ಇರುತ್ತವೆ. ಸದಸ್ಯ ವಕೀಲರೊಬ್ಬರ ಜೊತೆ ಹೋದರೆ ವಿದ್ಯಾರ್ಥಿಗಳಿಗೂ ನೋಡೋಕೆ ಬಿಡುತ್ತಾರೆ.

ಆ ಪುಸ್ತಕಗಳ ಸ್ಥಿತಿ ಮಾತ್ರ ಕೇಳಬೇಡಿ. ನಾನು ಓದಿದ ಒಂದು ಲೈಬ್ರರಿಯಲ್ಲಿ ಮಳೆಗಾಲದಲ್ಲಿ ಕಪಾಟು ತೆರೆದರೆ ಬೂಷ್ಟಿನ ವಾಸನೆಗೆ ಸೀನು ಬರುತ್ತಿತ್ತು. ಬೈಂಡಿನ ಚರ್ಮದ ಮೇಲೆ ಬಿಳೀ ಪುಡಿ, ಒಳಗೆ ಪುಟಕ್ಕೆ ಪುಟ ಅಂಟಿಕೊಂಡು ಎಳೆದರೆ ಹರಿಯುವ ಹಾಗೆ. ಡಾಂಬರ್ ಗುಳಿಗೆ ಹಾಕಿ ಕೈತೊಳೆದುಕೊಂಡಿದ್ದರು. ಘಟ್ಟದ ಮಳೆಗೆ ಅದು ಎಲ್ಲಿ ಸಾಕು? ಗೆದ್ದಲು ಕೆಳಗಿನ ಸಾಲನ್ನು ಮುಗಿಸಿಯೇಬಿಟ್ಟಿತ್ತು. ಸ್ಕ್ಯಾನ್ ಮಾಡೋಣ ಅಂತ ಯಾವಾಗ ಹೇಳಿದರೂ ಮುಂದಿನ ವರ್ಷ ನೋಡೋಣ ಅನ್ನುವ ಉತ್ತರ.

ಕಪಾಟಿನ ಕೀಲಿ

ಗುಳಿಗೆ ಹುಳಕ್ಕೆ, ಬೂಷ್ಟಿಗಲ್ಲ. ಬೂಷ್ಟಿಗೆ ಬೇಕಾದದ್ದು ಗಾಳಿ. ಕಪಾಟನ್ನು ಗೋಡೆಯಿಂದ ಒಂದು ಗೇಣು ದೂರ ಇಡಬೇಕು, ಪುಸ್ತಕಗಳನ್ನು ಒತ್ತಿ ತುರುಕಬಾರದು, ಮಳೆಗಾಲದಲ್ಲೂ ದಿನಾ ಸ್ವಲ್ಪ ಹೊತ್ತು ಬಾಗಿಲು ತೆಗೆದು ಫ್ಯಾನ್ ಹಾಕಬೇಕು. ಅಂಟಿದ ಪುಟ ಎಳೆಯಬಾರದು. ಬೂಷ್ಟು ಹಿಡಿದ ಪುಸ್ತಕ ಬಿಸಿಲಿಗೆ ಒಣಹಾಕುವವರು ಇದ್ದಾರೆ, ಹಪ್ಪಳವಲ್ಲ ಅದು, ಬೈಂಡ್ ಸೊಟ್ಟಗಾಗುತ್ತದೆ. ನೆರಳಿನ ಗಾಳಿಯಲ್ಲಿ ಬಿಡಿಸಿ ನಿಲ್ಲಿಸಿ, ಒಣಗಿದ ಮೇಲೆ ಮೆತ್ತನೆ ಬ್ರಷ್‌ನಿಂದ ಹೊರಗಡೆ ಒಯ್ದು ಒರೆಸಿ. ಮುಖಕ್ಕೆ ಮಾಸ್ಕ್ ಇರಲಿ.

ಕುಮಟಾ ಜೂನಿಯರ್

ಕನ್ನಡ ಮಾಧ್ಯಮದವರ ಬಗ್ಗೆಯೂ ಯಾರಾದರೂ ಬರೆಯಿರಿ. ಪರೀಕ್ಷೆ ಕನ್ನಡದಲ್ಲಿ ಬರೆಯುವವರು ನಮ್ಮಲ್ಲಿ ಬೇಕಾದಷ್ಟು ಜನ. ಲೈಬ್ರರಿಯಲ್ಲಿ ಅವರಿಗೆ ಸಿಗೋದು ಗೈಡ್ ಮಾತ್ರ.

ದೇವಿಮನೆ ತಿರುವು

ಗೈಡಿಗಿಂತ ಒಳ್ಳೆಯದು ಇದೆ, ಕೇಳುವವರಿಲ್ಲ. ರಾಜ್ಯದ ಕಾಯ್ದೆಗಳ ಕನ್ನಡ ಪಾಠದ ಬಗ್ಗೆ ಆಗಲೇ ಹೇಳಿದೆ. ಕೇಂದ್ರದ ಕಾಯ್ದೆಗಳನ್ನು ಪ್ರಾದೇಶಿಕ ಭಾಷೆಯಲ್ಲಿ ಅಧಿಕೃತ ಪಾಠವಾಗಿ ಪ್ರಕಟಿಸಲು 1973ರಲ್ಲೇ ಒಂದು ಕಾಯ್ದೆ ಬಂದಿದೆ, ಅದರ ಅಡಿ ಬಂದ ಕನ್ನಡ ಪಾಠಗಳೂ ಇವೆ. ಸುಪ್ರೀಂ ಕೋರ್ಟಿನ ಆಯ್ದ ತೀರ್ಪುಗಳ ಕನ್ನಡ ಅನುವಾದ ಈಗ ಆನ್‌ಲೈನಿನಲ್ಲಿ ಬರುತ್ತಿದೆ. ಅನುವಾದಕ್ಕೆ ಯಂತ್ರದ ನೆರವು ಇದೆ, ಕೆಲವು ವಾಕ್ಯ ಕಲ್ಲು ಜಗಿದ ಹಾಗೆ. ಅರ್ಥ ಮಾಡಿಕೊಳ್ಳೋಕೆ ಓದಿ, ಉಲ್ಲೇಖಿಸುವಾಗ ಇಂಗ್ಲಿಷ್ ಮೂಲ ಪಕ್ಕದಲ್ಲಿ ಇಟ್ಟುಕೊಳ್ಳಿ.

2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಮೇಲೆ ಕಪಾಟಿನಲ್ಲಿರುವ ಹಳೇ ಗೈಡುಗಳು ಅರ್ಧಕ್ಕರ್ಧ ರದ್ದಿ. ಐಪಿಸಿ ಕಾಮೆಂಟರಿಗಳನ್ನು ಮಾತ್ರ ಬಿಸಾಡಬೇಡಿ. 511 ಕಲಂ ಇದ್ದದ್ದು 358 ಆಗಿದೆ, ಆದರೆ ಕೊಲೆಗೆ ಕೊಲೆಯೇ, ಮೋಸಕ್ಕೆ ಮೋಸವೇ. ಹಳೇ ತೀರ್ಪುಗಳೆಲ್ಲ ಹಳೇ ಕಲಂ ಸಂಖ್ಯೆಯಲ್ಲೇ ಇರೋದು. ಹಳೇ ಹೊಸ ಕಲಂಗಳ ಹೋಲಿಕೆ ಪಟ್ಟಿ ಒಂದನ್ನು ಪ್ರಿಂಟ್ ತೆಗೆದು ಕಾಮೆಂಟರಿಯೊಳಗೆ ಸಿಕ್ಕಿಸಿ ಇಡಿ.

ಅವರ್ಸಾ ಹುಡುಗಿ

ಎಲ್ಲರಿಗೂ ಧನ್ಯವಾದ. ಇವತ್ತು ಹೋಗಿ ಕೇಳಿದೆ. ಕಲಂ ಹೇಳಿ ಕೇಳಿದ್ದಕ್ಕೋ ಏನೋ, ಲೈಬ್ರರಿಯನ್ ಸರ್ ಎದ್ದು ಬಂದು ಕೀಲಿ ತೆಗೆದರು. 1995ರ ಎರಡನೇ ಸಂಪುಟ ಇತ್ತು. 689 ಮತ್ತು 736, ಎರಡನ್ನೂ ಓದುತ್ತಾ ಕೂತೆ. ಸಂಜೆ ಬಾಗಿಲು ಹಾಕುವ ಹೊತ್ತಾಯಿತು ಅಂತ ಅವರೇ ಬಂದು ಹೇಳಬೇಕಾಯಿತು. ಹೊಸ 2013ರ ಭೂಸ್ವಾಧೀನ ಕಾಯ್ದೆಯಲ್ಲೂ ಇದೇ ಥರದ ಕಲಂ 73 ಇದೆ ಅಂತ ಅವರು ತೋರಿಸಿದರು.

ಈಗ ಒಂದು ಸಿಕ್ಕು. ಕಾರವಾರದ ಸಿವಿಲ್ ಕೋರ್ಟು ರೆಫರೆನ್ಸ್ ಕೇಸುಗಳಲ್ಲಿ ಗುಂಟೆಗೆ ಎಷ್ಟು ಕೊಟ್ಟಿತು ಅನ್ನೋ ಆದೇಶಗಳು ಯಾವ ರಿಪೋರ್ಟಿನಲ್ಲೂ ಇಲ್ಲ. ಅವು ಎಲ್ಲಿ ಸಿಗುತ್ತವೆ?

ಕೋಟೆಕೆರೆ ದಂಡೆ

ಕೆಳಗಿನ ಕೋರ್ಟಿನ ಆದೇಶ ರಿಪೋರ್ಟಿನಲ್ಲಿ ಬರುವುದಿಲ್ಲ ತಂಗಿ. ಎರಡು ದಾರಿ. ಮೇಲ್ಮನವಿ ಹೋದ ಕೇಸಾದರೆ ಹೈಕೋರ್ಟಿನ ತೀರ್ಪಿನೊಳಗೆ ಕೆಳಗಿನ ಕೋರ್ಟು ಕೊಟ್ಟ ದರ, ಕೇಸ್ ನಂಬರ್ ಎರಡೂ ಬರೆದಿರುತ್ತಾರೆ. ಆ ನಂಬರ್ ಹಿಡಿದು ಕೋರ್ಟುಗಳ ಇ-ಕೋರ್ಟ್ಸ್ ತಾಣದಲ್ಲಿ ನೋಡು, ಇತ್ತೀಚಿನದಾದರೆ ಆದೇಶವೇ ಸಿಗಬಹುದು. ಹಳೆಯದಾದರೆ ಕೋರ್ಟಿನ ಕಚೇರಿಯಲ್ಲಿ ನಕಲು ಅರ್ಜಿ ಹಾಕಬೇಕು. ಕಕ್ಷಿದಾರರಲ್ಲದವರು ಯಾಕೆ ಬೇಕು ಅಂತ ಕಾರಣ ಬರೆಯಬೇಕಾಗುತ್ತದೆ. ಹಾಗಾಗಿ ಸುಲಭದ ದಾರಿ, ನಿಮ್ಮ ಅಜ್ಜನ ಕಡೆಯವರು ಯಾರಾದರೂ ಕೇಸ್ ಹಾಕಿದ್ದರೆ ಅವರ ಹೆಸರಿನಲ್ಲೇ ನಕಲು ತೆಗೆಸು. ಮನೆಯಲ್ಲಿ ಟ್ರಂಕ್ ನೋಡಿದ್ದೀಯಾ ಮೊದಲು?

ಅವರ್ಸಾ ಹುಡುಗಿ

ದೊಡ್ಡಪ್ಪನ ಹತ್ತಿರ ಏನೋ ಕಾಗದದ ಕಟ್ಟು ಇದೆ ಅಂತ ಅಮ್ಮ ಹೇಳುತ್ತಿದ್ದರು. ಈ ಭಾನುವಾರ ಹೋಗುತ್ತೇನೆ.

ಕಪಾಟಿನ ಕೀಲಿ

ಸಿಕ್ಕಿದ್ದನ್ನು ಮೊದಲು ಸ್ಕ್ಯಾನ್ ಮಾಡು, ಆಮೇಲೆ ಬೇರೆಯವರ ಕೈಗೆ ಕೊಡು. ಪ್ರಬಂಧ ಮುಗಿದ ಮೇಲೆ ಒಂದು ಪ್ರತಿಯನ್ನು ನಿಮ್ಮ ಲೈಬ್ರರಿಗೂ ಕೊಟ್ಟಿರು, ಸೀಬರ್ಡ್ ಅಂತ ಕೇಳಿಕೊಂಡು ಮುಂದಿನ ವರ್ಷ ಇನ್ನೊಬ್ಬರು ಬಂದೇ ಬರುತ್ತಾರೆ.

ಕಾಳಿ ಸೇತುವೆ

ನನ್ನ ಮಾವನದ್ದೂ ಸೀಬರ್ಡಿನಲ್ಲಿ ಹೋಗಿದೆ. 28ಎ ಅರ್ಜಿ ಹಾಕಿದ್ದರೋ ಇಲ್ಲವೋ ಗೊತ್ತಿಲ್ಲ. ಆ 736ನೇ ಪುಟದ ಜೆರಾಕ್ಸ್ ತೆಗೆದರೆ ನನಗೂ ಒಂದು ಇಡು ಮಾರಾಯ್ತಿ.